ಸಲೀಂ ಅಲಿ: ಏರ್‌ಗನ್ನಿನಿಂದ ಆರಂಭವಾದ ಪಕ್ಷಿಪ್ರೇಮ

ಭಾರತದ ಪಕ್ಷಿಶಾಸ್ತ್ರದ ಪಿತಾಮಹ ಡಾ. ಸಲೀಂ ಅಲಿ ಅವರ ಹೆಸರು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೊರಳಿಗೆ ದುರ್ಬೀನು ತೂಗುಹಾಕಿಕೊಂಡ, ಬಿಳಿಯ ಕುರುಚಲು ಗಡ್ಡದ, ಕೃಶಕಾಯದ ವೃದ್ಧರೊಬ್ಬರ ಚಿತ್ರ. ಆದರೆ ಅವರ ಬದುಕಿನ ದಿಕ್ಕು ಬದಲಿಸಿದ ಮೊದಲ ಸಾಧನ ದುರ್ಬೀನಲ್ಲ, ಬಂದೂಕು. ಅದೂ ಹುಡುಗರ ಆಟಕ್ಕೆಂದು ಮಾರುತ್ತಿದ್ದ ಸಾಧಾರಣ ಏರ್‌ಗನ್. ಹಕ್ಕಿಗಳನ್ನು ಉಳಿಸಲು ಜೀವಮಾನವನ್ನೇ ಮುಡಿಪಿಟ್ಟ ವ್ಯಕ್ತಿ ಹಕ್ಕಿಗಳಿಗೆ ಗುಂಡು ಹೊಡೆಯುತ್ತಲೇ ಆ ಲೋಕವನ್ನು ಪ್ರವೇಶಿಸಿದರು ಎಂಬುದು ಇಂದಿನ ಓದುಗರಿಗೆ ಇರುಸುಮುರುಸು ತರುವ ಸಂಗತಿ. ಸ್ವತಃ ಸಲೀಂ ಅಲಿ ಅವರು ಇದನ್ನು ಎಂದೂ ಮುಚ್ಚಿಡಲಿಲ್ಲ. 1985ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೆ ‘ದ ಫಾಲ್ ಆಫ್ ಎ ಸ್ಪ್ಯಾರೋ’ ಎಂದು ಹೆಸರಿಟ್ಟು, ನೆಲಕ್ಕುರುಳಿದ ಆ ಪುಟ್ಟ ಹಕ್ಕಿಯನ್ನು ಅವರು ಶಾಶ್ವತಗೊಳಿಸಿದರು.

ಖೇತ್‌ವಾಡಿಯ ಅನಾಥ ಬಾಲಕ

ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿ ಜನಿಸಿದ್ದು 1896ರ ನವೆಂಬರ್ 12ರಂದು, ಮುಂಬೈಯ ಸುಲೈಮಾನಿ ಬೊಹ್ರಾ ಕುಟುಂಬವೊಂದರಲ್ಲಿ. ತಂದೆ ಮೊಯಿಜುದ್ದೀನ್, ತಾಯಿ ಜೀನತ್-ಉನ್-ನಿಸ್ಸಾ. ದೊಡ್ಡ ಸಂಸಾರದ ಕೊನೆಯ ಕೂಸು ಅವರು. ಒಂದು ವರ್ಷ ತುಂಬುವಷ್ಟರಲ್ಲಿ ತಂದೆಯನ್ನೂ ಮೂರನೆಯ ವಯಸ್ಸಿನಲ್ಲಿ ತಾಯಿಯನ್ನೂ ಕಳೆದುಕೊಂಡ ಮಗುವನ್ನು ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ ಹಾಗೂ ಅವರ ಪತ್ನಿ ಹಮೀದಾ ಬೇಗಂ ಸಾಕಿದರು. ಮಕ್ಕಳಿಲ್ಲದ ಆ ದಂಪತಿಯ ಖೇತ್‌ವಾಡಿಯ ಮನೆ ಬಂಧುಬಳಗದ ಮಕ್ಕಳಿಂದ ಸದಾ ಗಿಜಿಗುಡುತ್ತಿತ್ತು. ಸ್ವಾತಂತ್ರ್ಯ ಹೋರಾಟಗಾರ ಅಬ್ಬಾಸ್ ತಯ್ಯಬ್‌ಜಿ ಅವರೂ ಇದೇ ಬಳಗದವರು.

ಮಾವ ಅಮೀರುದ್ದೀನ್ ಬೇಟೆಯ ಹವ್ಯಾಸಿ. ಅಂದಿನ ಅನುಕೂಲವಂತರ ಮನೆಗಳಲ್ಲಿ ಬೇಟೆ ಎಂಬುದು ಗೌರವದ ಕ್ರೀಡೆಯಾಗಿತ್ತು. ಹುಡುಗ ಸಲೀಂ ಓದುತ್ತಿದ್ದ ಪುಸ್ತಕಗಳೂ ಬಹುತೇಕ ಬೇಟೆಯವೇ. ನೆರೆಹೊರೆಯ ಹುಡುಗರ ನಡುವೆ ಆಗಾಗ್ಗೆ ಗುರಿ ಹೊಡೆಯುವ ಪಂದ್ಯಗಳು ನಡೆಯುತ್ತಿದ್ದವು. ಆ ಗುಂಪಿನಲ್ಲಿ ದೂರದ ಸಂಬಂಧಿ ಇಸ್ಕಂದರ್ ಮಿರ್ಜಾ ಕೂಡ ಇದ್ದರು. ಒಳ್ಳೆಯ ಗುರಿಕಾರನೆಂದು ಹೆಸರಾಗಿದ್ದ ಆ ಹುಡುಗ ಮುಂದೆ 1956ರಲ್ಲಿ ಪಾಕಿಸ್ತಾನದ ಪ್ರಥಮ ಅಧ್ಯಕ್ಷರಾದರು. ಅದೇ ಅಂಗಳದಲ್ಲಿ ಗುರಿ ಕಲಿತ ಇನ್ನೊಬ್ಬ ಹುಡುಗ ಸಾಗಿದ್ದು ಹಕ್ಕಿಗಳ ಹಾದಿಯಲ್ಲಿ.

ಎಂಟು ಗಂಡುಗುಬ್ಬಿಗಳು

ಏರ್‌ಗನ್ನಿನ ಯಂತ್ರ ಸರಳವಾದುದು. ನಳಿಗೆಯನ್ನು ಮಡಿಸಿ ಸ್ಪ್ರಿಂಗನ್ನು ಹಿಂದಕ್ಕೆ ಒತ್ತಿಡುವುದು, ಕುದುರೆ ಎಳೆದಾಗ ಸ್ಪ್ರಿಂಗ್ ಬಿಡುಗಡೆಯಾಗಿ ಕೊಂತವು ಗಾಳಿಯನ್ನು ಒತ್ತುವುದು, ಒತ್ತಿದ ಗಾಳಿ ಸೀಸದ ಚಿಕ್ಕ ಗುಂಡನ್ನು ಹೊರದೂಡುವುದು. ಮದ್ದಿಲ್ಲ, ಹೊಗೆಯಿಲ್ಲ, ಸದ್ದೂ ಕಡಿಮೆ. ದುರ್ಬಲ ಆಯುಧವಾದರೂ ಹತ್ತಿಪ್ಪತ್ತು ಹೆಜ್ಜೆ ದೂರದ ಗುಬ್ಬಿಯನ್ನು ಉರುಳಿಸಲು ಸಾಕು. ಸಲೀಂ ಅವರ ಬಾಲ್ಯದಲ್ಲಿ ಮನೆಯ ಸುತ್ತಮುತ್ತಲಿನ ಗುಬ್ಬಚ್ಚಿಗಳೇ ಅದಕ್ಕೆ ಗುರಿ. ಹೊಡೆದ ಗುಬ್ಬಿಯನ್ನು ವಿಧಿಯಂತೆ ಹಲಾಲ್ ಮಾಡಿ ಅಡುಗೆಮನೆಗೆ ಒಯ್ಯುವುದು ಮನೆಯ ವಾಡಿಕೆ.

ಹತ್ತು ವರ್ಷದ ಆಸುಪಾಸಿನ ಈ ಹುಡುಗ ಇತರರಂತೆ ಹೊಡೆದು ಸುಮ್ಮನಾಗಲಿಲ್ಲ, ಕಂಡದ್ದನ್ನು ಬರೆದಿಟ್ಟ. ಗೋಡೆಯ ಪೊಟರೆಯೊಂದರಲ್ಲಿ ಹೆಣ್ಣುಗುಬ್ಬಿ ಮೊಟ್ಟೆಗಳ ಮೇಲೆ ಕುಳಿತಿತ್ತು. ಹೊರಗೆ ಗಂಡುಗುಬ್ಬಿ ಕಾವಲಿತ್ತು. ಮರೆಯಲ್ಲಿ ನಿಂತು ಆ ಗಂಡನ್ನು ಹೊಡೆದರೆ, ಕೆಲವೇ ಹೊತ್ತಿನಲ್ಲಿ ಹೆಣ್ಣಿಗೆ ಇನ್ನೊಂದು ಗಂಡು ಜೊತೆಯಾಗಿ ಅದೇ ಜಾಗದಲ್ಲಿ ಕಾವಲಿಗೆ ಕೂರುತ್ತಿತ್ತು. ಹೀಗೆ ಏಳು ದಿನಗಳಲ್ಲಿ ಎಂಟು ಗಂಡುಗಳು ಏರ್‌ಗನ್ನಿಗೆ ಬಲಿಯಾದವು. ಸುಮಾರು 60 ವರ್ಷಗಳ ಬಳಿಕ ಈ ಹಳೆಯ ಟಿಪ್ಪಣಿ ಪಕ್ಷಿವೀಕ್ಷಕರ ಪತ್ರಿಕೆಯೊಂದರಲ್ಲಿ ಯಥಾವತ್ತಾಗಿ ಅಚ್ಚಾಯಿತು. ಅಂದು ಬೇಟೆಯ ಬಡಾಯಿಯಾಗಿ ಬರೆದದ್ದು ಪಕ್ಷಿಗಳ ನಡವಳಿಕೆ ಕುರಿತ ದಾಖಲೆಯಾಗಿ ಉಳಿದುಕೊಂಡಿತು. ಓದುವವರಿಗೆ ಇಂದಿಗೂ ಆ ಟಿಪ್ಪಣಿ ಎರಡು ಭಾವಗಳನ್ನು ಒಟ್ಟಿಗೇ ತರುತ್ತದೆ: ಬಾಲಕನ ಸೂಕ್ಷ್ಮ ದೃಷ್ಟಿಯ ಬಗ್ಗೆ ಬೆರಗು, ಎಂಟು ಜೀವಗಳ ಬಗ್ಗೆ ಮರುಕ.

ಇದೇ ಕಾಲದಲ್ಲಿ ಹುಡುಗನ ಕೈಗೆ ಸಿಕ್ಕ ಇನ್ನೊಂದು ಗುಬ್ಬಿ ಎಂದಿನಂತಿರಲಿಲ್ಲ. ಅದರ ಕೊರಳ ಮೇಲೆ ಹಳದಿ ಮಚ್ಚೆಯಿತ್ತು. ಇಂಥ ಹಕ್ಕಿಯನ್ನು ತಿನ್ನಬಹುದೇ ಎಂಬ ಅನುಮಾನದಿಂದ ಅದನ್ನು ಮಾವನ ಬಳಿಗೆ ಒಯ್ದ. ಅಮೀರುದ್ದೀನ್‌ಗೂ ಅದು ಯಾವ ಹಕ್ಕಿಯೆಂದು ತಿಳಿಯಲಿಲ್ಲ. ಆದರೆ ಅವರು 1883ರಲ್ಲಿ ಸ್ಥಾಪನೆಯಾಗಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸದಸ್ಯರಾಗಿದ್ದರು. ಸೊಸೈಟಿಯ ಗೌರವ ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲ್ಲಾರ್ಡ್ ಅವರಿಗೊಂದು ಪರಿಚಯ ಪತ್ರ ಬರೆದುಕೊಟ್ಟು ಹುಡುಗನನ್ನು ಕಳಿಸಿದರು.

ಬಿಳಿಯ ಸಾಹೇಬರ ಕಚೇರಿಗೆ ಅಳುಕುತ್ತಲೇ ಹೋದ ಬಾಲಕನನ್ನು ಮಿಲ್ಲಾರ್ಡ್ ಆದರದಿಂದ ಬರಮಾಡಿಕೊಂಡರು. ಹಕ್ಕಿಯನ್ನು ಹಳದಿಗೊರಳ ಗುಬ್ಬಿ ಎಂದು ಗುರುತಿಸಿದರು. ಕಪಾಟುಗಳನ್ನು ತೆರೆದು, ಒಣಗಿಸಿ ಹತ್ತಿ ತುಂಬಿಟ್ಟ ಹಕ್ಕಿಗಳ ಸಾಲುಸಾಲನ್ನು ತೋರಿಸಿದರು. ಓದಲು ಪುಸ್ತಕಗಳನ್ನು ಕೊಟ್ಟು, ಹಕ್ಕಿಗಳ ಚರ್ಮ ಸುಲಿದು ಸಂರಕ್ಷಿಸುವ ಕ್ರಮವನ್ನು ಕಲಿಯಲು ಪ್ರೋತ್ಸಾಹಿಸಿದರು. ಅಲ್ಲಿಯವರೆಗೆ ಬಾಣಲೆ ಸೇರುತ್ತಿದ್ದ ಹಕ್ಕಿಗೆ ಹೆಸರು, ಊರು, ದಿನಾಂಕಗಳುಳ್ಳ ಒಂದು ಚೀಟಿಯೂ ಇರಬಹುದು ಎಂಬುದು ಹುಡುಗನಿಗೆ ಹೊಳೆದದ್ದು ಅಂದೇ.

ಪದವಿಯಿಲ್ಲದ ಪಕ್ಷಿತಜ್ಞ

ಶಾಲೆಯ ಓದಿನಲ್ಲಿ ಸಲೀಂ ಮುಂದಿರಲಿಲ್ಲ. ತಲೆನೋವಿನ ಬಾಧೆಯಿಂದ ತರಗತಿಗಳು ತಪ್ಪುತ್ತಿದ್ದವು. ಹವೆ ಬದಲಾದರೆ ಗುಣವಾಗಬಹುದೆಂದು ಕೆಲಕಾಲ ಸಿಂಧ್ ಪ್ರಾಂತದ ಬಂಧುಗಳಲ್ಲಿಗೆ ಕಳಿಸಲಾಯಿತು. 1913ರಲ್ಲಿ ಮೆಟ್ರಿಕ್ಯುಲೇಶನ್ ಹೇಗೋ ದಾಟಿದರು. ಸೇಂಟ್ ಝೇವಿಯರ್ ಕಾಲೇಜಿನ ಓದನ್ನು ಅರ್ಧಕ್ಕೆ ಬಿಟ್ಟು ಬರ್ಮಾದ ತವಾಯ್‌ಗೆ ತೆರಳಿ, ಕುಟುಂಬದ ಗಣಿ ಹಾಗೂ ಮರದ ವ್ಯವಹಾರ ನೋಡಿಕೊಂಡರು. ವ್ಯಾಪಾರ ಕೈಹಿಡಿಯಲಿಲ್ಲ, ಕಾಡು ಕೈಹಿಡಿಯಿತು. 1917ರಲ್ಲಿ ಮುಂಬೈಗೆ ಮರಳಿ ವಾಣಿಜ್ಯ ಶಿಕ್ಷಣದ ಜೊತೆಗೆ ಪ್ರಾಣಿಶಾಸ್ತ್ರವನ್ನೂ ಕಲಿತರು. 1918ರಲ್ಲಿ ತೆಹಮಿನಾ ಅವರನ್ನು ವಿವಾಹವಾದರು.

ವಿಶ್ವವಿದ್ಯಾಲಯದ ಪದವಿ ಇಲ್ಲವೆಂಬ ಕಾರಣಕ್ಕೆ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಪಕ್ಷಿತಜ್ಞ ಹುದ್ದೆ ಅವರಿಗೆ ದಕ್ಕಲಿಲ್ಲ. 1926ರಲ್ಲಿ ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಮಾಸಿಕ 350 ರೂಪಾಯಿ ಸಂಬಳದ ಮಾರ್ಗದರ್ಶಿ ಉಪನ್ಯಾಸಕ ಕೆಲಸ ದೊರೆಯಿತು. ಅಲ್ಲಿಂದ ರಜೆ ಪಡೆದು ಜರ್ಮನಿಗೆ ತೆರಳಿ ಬರ್ಲಿನ್‌ನಲ್ಲಿ ಎರ್ವಿನ್ ಸ್ಟ್ರೆಸೆಮಾನ್ ಅವರ ಶಿಷ್ಯರಾದರು. ಹೆಲಿಗೋಲ್ಯಾಂಡ್ ದ್ವೀಪದಲ್ಲಿ ಹಕ್ಕಿಗಳನ್ನು ಜೀವಂತ ಹಿಡಿದು, ಕಾಲಿಗೆ ಉಂಗುರ ತೊಡಿಸಿ ಹಾರಿಬಿಡುವ ವಿಧಾನವನ್ನೂ ಕಂಡರು. 1930ರಲ್ಲಿ ತಾಯ್ನಾಡಿಗೆ ಮರಳುವಷ್ಟರಲ್ಲಿ ಹಣದ ಕೊರತೆಯಿಂದ ಅವರ ಹುದ್ದೆಯೇ ರದ್ದಾಗಿತ್ತು.

ಕೆಲಸವಿಲ್ಲದ ದಂಪತಿ ಮುಂಬೈ ಸಮೀಪದ ಕಿಹಿಮ್ ಎಂಬ ಕಡಲತಡಿಯ ಹಳ್ಳಿಯಲ್ಲಿ ನೆಲೆಸಿದರು. ಮನೆಯ ಬಳಿ ಗೀಜಗಗಳ ಗೂಡುಗಳಿದ್ದವು. ತಿಂಗಳುಗಟ್ಟಲೆ ಮರೆಯಲ್ಲಿ ಕುಳಿತು ಸಲೀಂ ಅವುಗಳನ್ನು ನೋಡಿದರು. ಗಂಡುಗೀಜಗ ಅರ್ಧ ಗೂಡು ನೇಯ್ದು ಹೆಣ್ಣಿಗಾಗಿ ಕಾಯುತ್ತದೆ. ಹೆಣ್ಣು ಬಂದು ಗೂಡನ್ನು ಪರೀಕ್ಷಿಸಿ ಒಪ್ಪಿದರಷ್ಟೇ ಸಂಸಾರ. ಆ ಹೆಣ್ಣು ಮೊಟ್ಟೆಯಿಟ್ಟೊಡನೆ ಗಂಡು ಇನ್ನೊಂದು ಗೂಡು ನೇಯಲು ಹೊರಡುತ್ತದೆ. ಈ ಅಧ್ಯಯನ ಅವರಿಗೆ ವಿದ್ವತ್ ವಲಯದಲ್ಲಿ ಹೆಸರು ತಂದಿತು. ಬಾಲ್ಯದ ಗುಬ್ಬಿಯ ಟಿಪ್ಪಣಿಗೂ ಇದಕ್ಕೂ ವಿಷಯ ಒಂದೇ, ಹಕ್ಕಿಗಳ ದಾಂಪತ್ಯ. ಅಲ್ಲಿ ಉತ್ತರ ಸಿಕ್ಕಿದ್ದು ಏರ್‌ಗನ್ನಿನಿಂದ, ಇಲ್ಲಿ ಕೇವಲ ಕಣ್ಣು ಮತ್ತು ಸಹನೆಯಿಂದ.

ಸಂಗ್ರಾಹಕನ ಕೋವಿ

ಹಾಗೆಂದು ಸಲೀಂ ಅಲಿ ಕೋವಿಯನ್ನು ಕೆಳಗಿಟ್ಟರು ಎಂದು ಭಾವಿಸುವಂತಿಲ್ಲ. 1930ರ ದಶಕದಲ್ಲಿ ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಮೊದಲಾದ ಸಂಸ್ಥಾನಗಳ ಪಕ್ಷಿ ಸಮೀಕ್ಷೆಗಳನ್ನು ಅವರು ಕೈಗೊಂಡರು. ಸಂಬಳಕ್ಕಿಂತ ಮುಖ್ಯವಾಗಿ ಪ್ರಯಾಣ ಹಾಗೂ ಬಿಡಾರದ ವೆಚ್ಚ ದೊರೆತರೆ ಸಾಕೆಂದು ಒಪ್ಪಿಕೊಂಡ ಕೆಲಸವಿದು. ಡೇರೆಯ ಬದುಕಿನಲ್ಲಿ ತೆಹಮಿನಾ ಜೊತೆಗಿದ್ದರು. ಬ್ರಿಟಿಷ್ ಪಕ್ಷಿತಜ್ಞ ಹ್ಯೂ ವಿಸ್ಲರ್ ಮಾದರಿಗಳ ಪರಿಶೀಲನೆಯಲ್ಲಿ ನೆರವಾದರು.

ಅಂದಿನ ಸಮೀಕ್ಷೆಯೆಂದರೆ ಹಕ್ಕಿಗಳನ್ನು ಹೊಡೆದು ಸಂಗ್ರಹಿಸುವುದು ಎಂದೇ ಅರ್ಥ. ಬಣ್ಣದ ಚಿತ್ರಗಳುಳ್ಳ ಕೈಪಿಡಿಗಳಿರಲಿಲ್ಲ. ದೂರದಿಂದಲೇ ಸ್ಪಷ್ಟ ಛಾಯಾಚಿತ್ರ ತೆಗೆಯುವ ಕ್ಯಾಮೆರಾಗಳು ಕೈಗೆಟುಕುತ್ತಿರಲಿಲ್ಲ. ಒಂದೇ ಹಕ್ಕಿಯ ಎರಡು ಉಪಜಾತಿಗಳ ನಡುವಿನ ಅಂತರ ರೆಕ್ಕೆಯ ಉದ್ದದಲ್ಲಿ ಕೆಲವೇ ಮಿಲಿಮೀಟರ್ ಇರುತ್ತಿತ್ತು. ಅದನ್ನು ಅಳೆಯಲು ಹಕ್ಕಿ ಕೈಯಲ್ಲೇ ಇರಬೇಕು. ಹೊಟ್ಟೆಯೊಳಗಿನ ಆಹಾರ, ಗರಿ ಉದುರುವ ಕಾಲ, ಸಂತಾನದ ಹಂತ ಇವೆಲ್ಲ ತಿಳಿಯುತ್ತಿದ್ದುದೂ ಹಾಗೆಯೇ.

ಇಂಥ ಕೆಲಸಕ್ಕೆ ಕೋವಿಯ ಆಯ್ಕೆಯೇ ಒಂದು ವಿದ್ಯೆ. ಬಾತು, ಕಾಡುಕೋಳಿಗಳಿಗೆ ಒಗ್ಗುವ ಹನ್ನೆರಡು ಬೋರಿನ ತೋಟಾ ಕೋವಿಯನ್ನು ಸೂರಕ್ಕಿಯ ಮೇಲೆ ಹಾರಿಸಿದರೆ ಗರಿಯೂ ಉಳಿಯದು. ಆದ್ದರಿಂದ ಸಂಗ್ರಾಹಕರು ಪುಟ್ಟ ಹಕ್ಕಿಗಳಿಗೆ ಸಣ್ಣ ಬೋರಿನ ಕೋವಿಯಲ್ಲಿ ಸಾಸಿವೆಗಿಂತ ನುಣುಪಾದ ಚರೆ ತುಂಬಿದ ತೋಟಾ ಬಳಸುತ್ತಿದ್ದರು. ಗುರಿ ತೀರ ಹತ್ತಿರವೂ ಇರಬಾರದು, ಹಕ್ಕಿ ಗಾಯಗೊಂಡು ತಪ್ಪಿಸಿಕೊಳ್ಳುವಷ್ಟು ದೂರವೂ ಇರಬಾರದು. ಏರ್‌ಗನ್ನಿನಲ್ಲಿ ಹಾರುವುದು ಒಂದೇ ಗುಂಡು; ಸ್ಥಿರವಾಗಿ ಕುಳಿತ ಹಕ್ಕಿಗಷ್ಟೇ ಅದು ಉಪಯುಕ್ತ, ಎಲೆಗಳ ನಡುವೆ ಜಿಗಿದಾಡುವ ಹಕ್ಕಿಗೆ ಅಲ್ಲ. ಬೇಟೆಗಾರನಿಗೆ ಮಾಂಸ ಮುಖ್ಯ, ಗುರಿಕಾರನಿಗೆ ಅಂಕ ಮುಖ್ಯ. ಸಂಗ್ರಾಹಕನಿಗೆ ಗರಿ ಕೆಡದ ಮೈ ಮುಖ್ಯ. ಯಾವ ಕೋವಿ ಬೇಕೆಂಬುದನ್ನು ಉದ್ದೇಶವೇ ತೀರ್ಮಾನಿಸುತ್ತಿತ್ತು.

ಈ ಸಂಗ್ರಹಣೆಯನ್ನು ಕ್ರೌರ್ಯವೆಂದು ಕರೆದವರು ಅಂದೂ ಇದ್ದರು, ಇಂದೂ ಇದ್ದಾರೆ. ಸಲೀಂ ಅಲಿ ಅವರ ನಿಲುವು ಸ್ಪಷ್ಟವಿತ್ತು. ವಿಜ್ಞಾನಕ್ಕಾಗಿ ಎಷ್ಟು ಅಗತ್ಯವೋ ಅಷ್ಟು ಮಾದರಿಗಳು ಸಮರ್ಥನೀಯ. ಮೋಜಿನ ಮಾರಣಹೋಮ ಅಸಹ್ಯ ಎಂಬುದು ಅವರ ಅಭಿಪ್ರಾಯದ ಸಾರ. ಸಂರಕ್ಷಣೆಗೆ ಕೇವಲ ಭಾವುಕತೆ ಆಧಾರವಾಗಲಾರದು, ವೈಜ್ಞಾನಿಕ ಅರಿವೂ ಬೇಕೆಂದು ಅವರು ನಂಬಿದ್ದರು. ಆದರೂ ವರ್ಗೀಕರಣದ ಕೂದಲು ಸೀಳುವ ಚರ್ಚೆಗಳಲ್ಲಿ ಅವರಿಗೆ ಆಸಕ್ತಿ ಕಡಿಮೆ. ಸತ್ತ ಹಕ್ಕಿಯ ರೆಕ್ಕೆ ಅಳೆಯುವುದಕ್ಕಿಂತ ಜೀವಂತ ಹಕ್ಕಿಯ ನಡೆಯನ್ನು ನೋಡುವುದೇ ಅವರಿಗೆ ಪ್ರಿಯವಾಗಿತ್ತು.

ಅಂದಿನ ಮೋಜಿನ ಬೇಟೆಯ ಪ್ರಮಾಣ ತಿಳಿಯಲು ಭರತಪುರದ ಲೆಕ್ಕ ಸಾಕು. ಅಲ್ಲಿನ ಕೇವಲಾದೇವ ಕೆರೆಯಲ್ಲಿ 1938ರಲ್ಲಿ ವೈಸ್‌ರಾಯ್ ಲಾರ್ಡ್ ಲಿನ್‌ಲಿತ್‌ಗೊ ಅವರ ಬೇಟೆ ಕೂಟ ಒಂದೇ ದಿನದಲ್ಲಿ 4,273 ಹಕ್ಕಿಗಳನ್ನು ಹೊಡೆದುರುಳಿಸಿತು. ರಾಜಮನೆತನದ ಬೇಟೆಯ ತಾಣವಾಗಿದ್ದ ಈ ಕೆರೆ ಪಕ್ಷಿಧಾಮವಾಗಿ, ಬಳಿಕ ರಾಷ್ಟ್ರೀಯ ಉದ್ಯಾನವಾಗಿ ಉಳಿಯಲು ಶ್ರಮಿಸಿದವರಲ್ಲಿ ಸಲೀಂ ಅಲಿ ಪ್ರಮುಖರು. 1985ರಲ್ಲಿ ಅದು ವಿಶ್ವ ಪರಂಪರೆಯ ತಾಣವೆಂದು ಘೋಷಿತವಾಯಿತು.

ಕನ್ನಡ ನಾಡಿನ ನಂಟು

ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆದದ್ದು 1939-40ರಲ್ಲಿ. ಅವರ ಬದುಕಿನ ಅತ್ಯಂತ ದುಃಖದ ಕಾಲವೂ ಅದೇ. 1939ರಲ್ಲಿ ಸಣ್ಣದೊಂದು ಶಸ್ತ್ರಚಿಕಿತ್ಸೆಯ ನಂತರ ತೆಹಮಿನಾ ತೀರಿಕೊಂಡರು. ಡೇರೆಯ ಸಂಗಾತಿಯನ್ನು ಕಳೆದುಕೊಂಡ ಸಲೀಂ ಕೆಲಸದಲ್ಲೇ ಮುಳುಗಿದರು. ಮೈಸೂರಿನ ಹಕ್ಕಿಗಳ ಕುರಿತ ಅವರ ವರದಿ 1942-43ರಲ್ಲಿ ಸೊಸೈಟಿಯ ನಿಯತಕಾಲಿಕದಲ್ಲಿ ಕಂತುಗಳಾಗಿ ಪ್ರಕಟವಾಯಿತು.

ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆಗಳು ಗೂಡುಕಟ್ಟಿ ಮರಿಮಾಡುವುದನ್ನು ಕಂಡ ಅವರು ಆ ಜಾಗವನ್ನು ಪಕ್ಷಿಧಾಮವೆಂದು ಘೋಷಿಸುವಂತೆ ಮೈಸೂರು ಅರಸರಿಗೆ ಸಲಹೆಯಿತ್ತರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಅಸ್ತಿತ್ವಕ್ಕೆ ಬಂದಿತು. 2022ರಲ್ಲಿ ಅದು ಕರ್ನಾಟಕದ ಮೊದಲ ರಾಮ್‌ಸಾರ್ ತಾಣವಾಯಿತು. ಇಂದು ಅಲ್ಲಿ ದೋಣಿಯಲ್ಲಿ ಕುಳಿತು ಬಣ್ಣದ ಕೊಕ್ಕರೆಗಳನ್ನು ನೋಡುವ ಪ್ರವಾಸಿಗರು ಈ ಉಪಕಾರವನ್ನು ಸ್ಮರಿಸಬೇಕು.

ಮತ್ತೊಂದು ನಂಟು ಮಲೆನಾಡಿನದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಜನರಲ್ಲೂ ಮಾರಕ ಜ್ವರ ಕಾಣಿಸಿಕೊಂಡಿತು. ನಾವು ಮಂಗನ ಕಾಯಿಲೆ ಎನ್ನುವ ಈ ರೋಗದ ವೈರಸ್ ರಷ್ಯಾದ ಉಣುಗುಜ್ವರದ ವೈರಸ್ಸಿಗೆ ಹತ್ತಿರದ್ದೆಂದು ತಿಳಿದಾಗ, ಸೈಬೀರಿಯದಿಂದ ವಲಸೆ ಬರುವ ಹಕ್ಕಿಗಳು ಉಣುಗುಗಳನ್ನು ಹೊತ್ತುತಂದಿರಬಹುದೇ ಎಂಬ ಶಂಕೆ ಮೂಡಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಮತ್ತು ಸೊಸೈಟಿ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ಯೋಜನೆ ಆರಂಭಿಸಿದರು. ಹಕ್ಕಿಗಳೇ ರೋಗ ತಂದವೆಂಬುದು ಸಾಬೀತಾಗಲಿಲ್ಲ. ಆದರೆ ಭಾರತದಲ್ಲಿ ಹಕ್ಕಿಗಳ ವಲಸೆಯ ಅಧ್ಯಯನಕ್ಕೆ ಭದ್ರ ತಳಹದಿ ದೊರೆಯಿತು. ಹಕ್ಕಿಯನ್ನು ಕೈಗೆ ತಂದುಕೊಡುವ ಕೆಲಸದಲ್ಲಿ ಕೋವಿಯ ಸ್ಥಾನವನ್ನು ನವಿರಾದ ಬಲೆ ಪಡೆದುಕೊಂಡಿತು. ಬಲೆಗೆ ಬಿದ್ದ ಹಕ್ಕಿಯನ್ನು ಅಳೆದು, ತೂಗಿ, ಉಂಗುರ ತೊಡಿಸಿ ಮತ್ತೆ ಆಕಾಶಕ್ಕೆ ಬಿಡಬಹುದಾಗಿತ್ತು.

ಗ್ರಂಥಗಳು, ಗೌರವಗಳು

1941ರಲ್ಲಿ ಪ್ರಕಟವಾದ ‘ದ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಸಾಮಾನ್ಯ ಓದುಗರ ಕೈಗೆ ಹಕ್ಕಿಗಳನ್ನು ಒಪ್ಪಿಸಿತು. ಈ ಪುಸ್ತಕ ಹಿಡಿದವನಿಗೆ ಹಕ್ಕಿಯ ಹೆಸರು ತಿಳಿಯಲು ಅದನ್ನು ಹೊಡೆಯಬೇಕಾದ ಅಗತ್ಯ ಉಳಿಯಲಿಲ್ಲ. ಅಮೆರಿಕದ ಎಸ್. ಡಿಲ್ಲನ್ ರಿಪ್ಲಿ ಅವರೊಡನೆ ರಚಿಸಿದ ಭಾರತ ಮತ್ತು ಪಾಕಿಸ್ತಾನದ ಪಕ್ಷಿಗಳ ಹತ್ತು ಸಂಪುಟಗಳ ಕೈಪಿಡಿ 1968ರಿಂದ 1974ರ ಅವಧಿಯಲ್ಲಿ ಹೊರಬಂದಿತು. ಮೋಟಾರ್‌ಸೈಕಲ್ ಹುಚ್ಚಿನ ಸಲೀಂ, 1950ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ನಡೆದ ಅಂತಾರಾಷ್ಟ್ರೀಯ ಪಕ್ಷಿಶಾಸ್ತ್ರ ಸಮ್ಮೇಳನಕ್ಕೆ ತಮ್ಮ ಸನ್‌ಬೀಮ್ ಗಾಡಿಯಲ್ಲೇ ಬಂದಿಳಿದು ವಿದ್ವಾಂಸರನ್ನು ಚಕಿತಗೊಳಿಸಿದ್ದರು.

1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. ಪಾಲ್ ಗೆಟ್ಟಿ ಅಂತಾರಾಷ್ಟ್ರೀಯ ಪ್ರಶಸ್ತಿಯ ಹಣವನ್ನು ಅವರು ನಿಸರ್ಗ ಸಂರಕ್ಷಣಾ ನಿಧಿಗೆ ಮೂಲಧನವಾಗಿ ಕೊಟ್ಟುಬಿಟ್ಟರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರ ಜೂನ್ 20ರಂದು ಮುಂಬೈಯಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಹೆಸರಿನ ಪಕ್ಷಿವಿಜ್ಞಾನ ಕೇಂದ್ರ 1990ರಲ್ಲಿ ಕೊಯಮತ್ತೂರಿನಲ್ಲಿ ಸ್ಥಾಪನೆಯಾಯಿತು.

ಇಂದು ಏರ್‌ರೈಫಲ್ ಕೊಳ್ಳುವವರಿಗೆ

ಸಲೀಂ ಅವರ ಬಾಲ್ಯದಲ್ಲಿ ಮಕ್ಕಳಾಟವೆನಿಸಿದ್ದ ಕೆಲಸ ಇಂದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. 1991ರ ತಿದ್ದುಪಡಿ ಪರವಾನಗಿ ಪಡೆದು ಬೇಟೆಯಾಡುವ ಅವಕಾಶವನ್ನೂ ಮುಚ್ಚಿತು. ಆದ್ದರಿಂದ ಬೇಟೆಗೆ ಯಾವ ಏರ್‌ರೈಫಲ್ ಒಳ್ಳೆಯದು ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಅರ್ಥವಿಲ್ಲ. ಉಳಿದಿರುವುದು ಗುರಿ ಅಭ್ಯಾಸದ ಆಯ್ಕೆ ಮಾತ್ರ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಅಂಗುಲ, ಅಂದರೆ 4.5 ಮಿಲಿಮೀಟರ್ ಬೋರನ್ನೂ 20 ಜೂಲ್ ಶಕ್ತಿಯನ್ನೂ ಮೀರದ ಏರ್‌ಗನ್ನಿಗೆ ಪರವಾನಗಿ ಬೇಕಿಲ್ಲ, ಮೀರಿದರೆ ಬೇಕು. 1984ರಿಂದ ಒಲಿಂಪಿಕ್ಸ್‌ನಲ್ಲಿರುವ ಹತ್ತು ಮೀಟರ್ ಏರ್‌ರೈಫಲ್ ಸ್ಪರ್ಧೆಯ ಗುಂಡೂ ಇದೇ 4.5 ಮಿಲಿಮೀಟರಿನದು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲೇ. ಅಲ್ಲಿ ಹತ್ತು ಅಂಕದ ಗುರಿಯೆಂದರೆ ಅರ್ಧ ಮಿಲಿಮೀಟರಿನ ಚುಕ್ಕೆ. ಗುಂಡಿನ ವೇಗಕ್ಕಿಂತ ಕುದುರೆಯ ಹಗುರ ಎಳೆತ, ತೂಕದ ಸಮತೋಲ, ಭುಜಕ್ಕೆ ಒಗ್ಗುವ ಹಿಡಿ ಇಲ್ಲಿ ಮುಖ್ಯ. ಸ್ಪ್ರಿಂಗಿನ ರೈಫಲ್ ಅಗ್ಗ, ಕಲಿಕೆಗೆ ಸಾಕು. ಆದರೆ ಅದು ಗುಂಡು ಹೊರಡುವ ಮುನ್ನವೇ ಅದುರುತ್ತದೆ. ಒತ್ತಿದ ಗಾಳಿಯ ಸಿಲಿಂಡರ್ ಉಳ್ಳ ರೈಫಲ್ ಅದುರದು, ಬೆಲೆ ಮಾತ್ರ ಹೆಚ್ಚು. ಕೊಳ್ಳುವ ಮೊದಲು ಶೂಟಿಂಗ್ ಕ್ಲಬ್ಬಿನಲ್ಲಿ ತರಬೇತುದಾರರ ಎದುರು ಹಿಡಿದು ನೋಡುವುದು ಕ್ಷೇಮ. ಏರ್‌ಗನ್ ಆಟಿಕೆಯಲ್ಲ, ಅದು ಕಣ್ಣು ಕಳೆಯಬಲ್ಲದು. ಮಕ್ಕಳ ಕೈಗೆ ಹಿರಿಯರಿಲ್ಲದೆ ಕೊಡಲೇಬಾರದು.

ಕೆಳಗಿಟ್ಟ ಕೋವಿಗಳು

2016ರಲ್ಲಿ ವಿಜ್ಞಾನಿಗಳು ಈಶಾನ್ಯ ಭಾರತದ ಹಿಮಾಲಯದ ಕಾಡುಗಳಲ್ಲಿರುವ ನೆಲಸಿಳ್ಳಾರವೊಂದನ್ನು ಹೊಸ ಪ್ರಭೇದವೆಂದು ವಿವರಿಸಿ, ಅದಕ್ಕೆ ಜೂಥೆರಾ ಸಲೀಮಲಿಯೈ ಎಂದು ಹೆಸರಿಟ್ಟರು. ಅರುಣಾಚಲ ಪ್ರದೇಶದಲ್ಲಿ ಅದರ ಭಿನ್ನವಾದ ಹಾಡನ್ನು ಆಲಿಸಿದ್ದೇ ಶೋಧದ ಆರಂಭ. ಅದು ಬೇರೆಯೇ ಹಕ್ಕಿ ಎಂದು ಖಚಿತಪಡಿಸಲು, ವಸ್ತುಸಂಗ್ರಹಾಲಯಗಳಲ್ಲಿದ್ದ ಹಳೆಯ ಮಾದರಿಗಳೂ ಡಿಎನ್‌ಎ ಪರೀಕ್ಷೆಯೂ ನೆರವಾದವು. ಹಿಂದಿನ ಸಂಗ್ರಾಹಕರ ಕೋವಿ ವ್ಯರ್ಥವಾಗಲಿಲ್ಲ ಎನ್ನಲು ಇದೊಂದು ಸಾಕ್ಷಿ.

ಅದೇ ಅರುಣಾಚಲದ ಪೂರ್ವ ಕಾಮೆಂಗ್ ಜಿಲ್ಲೆಯಲ್ಲಿ 2021ರ ಮಾರ್ಚ್‌ನಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಆರಂಭವಾಯಿತು. ಏರ್‌ಗನ್ ಬೇಟೆಯಿಂದ ಕಾಡಿನ ಹಕ್ಕಿಗಳು ಕಾಣೆಯಾಗುತ್ತಿರುವುದನ್ನು ಮನಗಂಡ ಗ್ರಾಮಸ್ಥರು ತಾವಾಗಿಯೇ ಎರಡು ಸಾವಿರಕ್ಕೂ ಹೆಚ್ಚು ಏರ್‌ಗನ್‌ಗಳನ್ನು ಸರ್ಕಾರಕ್ಕೆ ಒಪ್ಪಿಸಿದರು. ಅವುಗಳಲ್ಲಿ ಬಹಳಷ್ಟು, ಸಲೀಂ ಅವರ ಬಾಲ್ಯದಲ್ಲಿದ್ದಂತೆ, ಸಣ್ಣ ಹಕ್ಕಿಯನ್ನು ಹೊಡೆದು ಅಡುಗೆಗೆ ಒಯ್ಯಲು ಬಳಕೆಯಾಗುತ್ತಿದ್ದಂಥವು.

ಎಲ್ಲ ಏರ್‌ಗನ್ ಹುಡುಗರೂ ಸಲೀಂ ಅಲಿ ಆಗುವುದಿಲ್ಲ. ಅವರನ್ನು ರೂಪಿಸಿದ್ದು ಗುಂಡು ಹಾರಿದ ಮೇಲೆ ಹುಟ್ಟಿದ ಪ್ರಶ್ನೆ, ಅದನ್ನು ಗದರದೆ ಕೇಳಿದ ಮಾವ, ಕಪಾಟು ತೆರೆದು ತೋರಿಸಿದ ಮಿಲ್ಲಾರ್ಡ್. ಇಂದಿನ ಮಕ್ಕಳಲ್ಲೂ ಆ ಪ್ರಶ್ನೆ ಹುಟ್ಟಬಹುದು, ಅದಕ್ಕಾಗಿ ಹಕ್ಕಿಯೊಂದು ಬೀಳಬೇಕಾಗಿಲ್ಲ. ಉತ್ತರಿಸುವ ಹಿರಿಯರು ಮಾತ್ರ ಅಂದಿನಂತೆಯೇ ಇಂದಿಗೂ ಬೇಕು.